ಕಾಲಾ ಘೋಡಾ: ಉಳಿದ ಗೋಡೆ, ಅಳಿದ ಅಂಗಡಿ

ದಕ್ಷಿಣ ಮುಂಬೈಯ ಕಾಲಾ ಘೋಡಾ ಪ್ರದೇಶಕ್ಕೆ ಆ ಹೆಸರು ಬಂದದ್ದು ಏಳನೆಯ ಎಡ್ವರ್ಡನ ಅಶ್ವಾರೂಢ ಪ್ರತಿಮೆಯಿಂದ. 1965ರಲ್ಲಿ ಪ್ರತಿಮೆಯನ್ನು ತೆರವುಗೊಳಿಸಿದ ಮೇಲೂ ಹೆಸರು ಉಳಿಯಿತು. 1995ರ ಪರಂಪರೆ ಸಂರಕ್ಷಣಾ ನಿಯಮಾವಳಿ ಮುಂಬೈಯ ಹಳೆಯ ಕಟ್ಟಡಗಳಿಗೆ ರಕ್ಷಣೆಯೊದಗಿಸಿತು. 1999ರಲ್ಲಿ ಆರಂಭವಾದ ಉತ್ಸವ ಈ ಪ್ರದೇಶವನ್ನು ಕಲಾವಲಯವೆಂದು ಪ್ರಸಿದ್ಧಗೊಳಿಸಿತು.

ಆದರೆ ಕಲಾವಿದರನ್ನು ಪೋಷಿಸಿದ್ದ ಅಂಗಡಿಗಳು ಅನಂತರದ ವರ್ಷಗಳಲ್ಲಿ ಒಂದೊಂದಾಗಿ ಮರೆಯಾದವು. ಮರಾಠಿ ಮತ್ತು ಇಂಗ್ಲಿಷುಗಳೆರಡರಲ್ಲೂ ಬರೆದ ಕವಿ ಅರುಣ್ ಕೊಲಟ್ಕರ್ ವರ್ಷಗಟ್ಟಲೆ ಕುಳಿತು ಬೀದಿಯನ್ನು ಗಮನಿಸುತ್ತಿದ್ದ ವೇಸೈಡ್ ಇನ್ ಈಗಿಲ್ಲ. ಜಹಾಂಗೀರ್ ಕಲಾ ಗ್ಯಾಲರಿಯಲ್ಲಿ 1964ರಿಂದ ನಡೆದ ಸಮೋವರ್ ಉಪಾಹಾರಗೃಹ 2015ರಲ್ಲಿ, ಸಮೀಪದ ರಿದಮ್ ಹೌಸ್ 2016ರಲ್ಲಿ ಮುಚ್ಚಿದವು. ಕಾರಣಗಳು ಬೇರೆಬೇರೆ: ಮೊದಲನೆಯದಕ್ಕೆ ಜಾಗದ ವ್ಯಾಜ್ಯ, ಎರಡನೆಯದಕ್ಕೆ ಧ್ವನಿಮುದ್ರಿಕೆಗಳ ಮಾರಾಟದ ಕುಸಿತ.

ನಿಯಮಾವಳಿ ಕಾಯ್ದದ್ದು ಗೋಡೆಗಳನ್ನು. ಅವುಗಳೊಳಗಿನ ಬದುಕು ಅದರ ವ್ಯಾಪ್ತಿಗೆ ಬರಲಿಲ್ಲ. ಆ ಬದುಕಿನ ಒಂದಂಶ ಉಳಿದಿರುವುದು 2004ರಲ್ಲಿ ಪ್ರಕಟವಾದ ಕೊಲಟ್ಕರರ ‘ಕಾಲಾ ಘೋಡಾ ಪೊಯಮ್ಸ್’ನಲ್ಲಿ. ಎಲ್ಲ ಬೀದಿಗಳಿಗೂ ಅಂಥ ಕವಿ ದೊರೆಯುವುದಿಲ್ಲ. ಗಡಿನಾಡಿನ ಪೇಟೆಗಳಲ್ಲಿ ಅಂಗಡಿಯ ಫಲಕ, ಲೆಕ್ಕದ ಪುಸ್ತಕ, ಗಿರಾಕಿಗಳ ಮಾತು ಕನ್ನಡದ ಚರಿತ್ರೆಗೂ ಆಕರಗಳು. ರಸ್ತೆ ಅಗಲಗೊಳ್ಳುವ ಮುನ್ನವೇ ಅವುಗಳನ್ನು ದಾಖಲಿಸಬೇಕು.