ಫಾರಂ 7 ಮತ್ತು ದೇವರಾಜ ಅರಸು: ಉಳುವವನಿಗೆ ಸಿಕ್ಕಿದ್ದೆಷ್ಟು, ಉಳಿದದ್ದೆಷ್ಟು?

ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ‘ಫಾರಂ ನಂ. 10’ ಎಂಬ ಕಾಗದ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಗೇಣಿದಾರನಾಗಿದ್ದ ನಿಮ್ಮ ಅಜ್ಜನೋ ಮುತ್ತಜ್ಜನೋ ಜಮೀನಿನ ಒಡೆಯನಾದ ದಾಖಲೆ ಅದು. ಆ ಕಾಗದಕ್ಕೆ ಕಾರಣವಾದ ಕಾನೂನು ತಂದವರು ಡಿ. ದೇವರಾಜ ಅರಸು.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಸಂಬಂಧ. ಅವರದು ಸಂಖ್ಯೆಯಲ್ಲಿ ತೀರಾ ಸಣ್ಣ ಸಮುದಾಯ. ಜಾತಿಬಲ ಇಲ್ಲದವರು 1972ರಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. 1975ರಲ್ಲಿ ವರದಿ ಬಂತು, 1977ರಲ್ಲಿ ಮೀಸಲಾತಿ ಆದೇಶ ಹೊರಟಿತು. ಆದರೆ ಹಳ್ಳಿಯವರ ಮನೆಬಾಗಿಲಿಗೆ ನೇರವಾಗಿ ಬಂದದ್ದು ಭೂ ಸುಧಾರಣೆ.

ಗೇಣಿದಾರರ ಪರ ಕಾನೂನು ಅದಕ್ಕೂ ಮೊದಲು ಇರಲಿಲ್ಲವೇ? ಇತ್ತು. 1951ರಲ್ಲೇ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. 1961ರಲ್ಲಿ ಭೂ ಸುಧಾರಣಾ ಕಾಯ್ದೆಯೂ ಬಂತು. ಆದರೆ ‘ನಾನೇ ಸ್ವಂತ ಸಾಗುವಳಿ ಮಾಡುತ್ತೇನೆ’ ಎಂದು ಹೇಳಿ ಧಣಿ ಜಮೀನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿ ಇತ್ತು. ಅರಸು ಆ ದಾರಿ ಮುಚ್ಚಿದರು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು. ಕರಾವಳಿ, ಮಲೆನಾಡಿನಲ್ಲಿ ‘ಡಿಕ್ಲರೇಷನ್ ಹಾಕುವುದು’ ಎಂದರೆ ಇದೇ.

ಅರ್ಜಿ ವಿಚಾರಣೆಗೆ ಭೂ ನ್ಯಾಯಮಂಡಳಿಗಳು ಬಂದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ವಕೀಲರಿಗೆ ಅಲ್ಲಿ ಅವಕಾಶ ಇರಲಿಲ್ಲ. ರಸೀದಿ ಇಲ್ಲದೆ ಗೇಣಿಗೋ ಕೋರಿಗೋ ಉಳುತ್ತಿದ್ದವನೂ ಬಂದು ಬಾಯಿಮಾತಿನಲ್ಲಿ ಹೇಳಬಹುದಿತ್ತು, ಪಕ್ಕದ ಹೊಲದವನು ಸಾಕ್ಷಿ ನುಡಿಯಬಹುದಿತ್ತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು.

ಹಾಗಾದರೆ ಉಳುವವರೆಲ್ಲ ಒಡೆಯರಾದರೇ? ಇಲ್ಲ. ಧಣಿಯ ಎದುರು ಅರ್ಜಿ ಹಾಕುವ ಧೈರ್ಯ ಇದ್ದವನಿಗೆ ಮಾತ್ರ ಈ ಕಾನೂನು ಒದಗಿತು. ಸಾಲದ ಋಣಕ್ಕೋ ಊರಿನ ದಾಕ್ಷಿಣ್ಯಕ್ಕೋ ಸುಮ್ಮನಿದ್ದವರಿಗೆ ಏನೂ ಸಿಗಲಿಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿಯುತ್ತಿದ್ದವರು ಅರ್ಜಿಯಲ್ಲಿ ಏನೆಂದು ಬರೆಯಬೇಕಿತ್ತು?

ನಮ್ಮ ಅಜ್ಜಂಪುರ ಸೀಮೆಗೆ ಇನ್ನೊಂದು ತೊಡಕಿದೆ. ಇಲ್ಲಿ ಅಮೃತಮಹಲ್ ಕಾವಲುಗಳಿವೆ, ಗೋಮಾಳಗಳಿವೆ. ಇವು ಸರ್ಕಾರದ ನೆಲ. ಇಂಥ ನೆಲ ಉಳುವವನ ಎದುರಿಗೆ ಇರುವುದು ಧಣಿಯಲ್ಲ, ಸರ್ಕಾರ. ಅವನಿಗೆ ಫಾರಂ 7 ಅನ್ವಯಿಸಲಿಲ್ಲ. ಬಗರ್‌ಹುಕುಂ ಸಕ್ರಮಕ್ಕೆ ಆಮೇಲೆ ಬಂದ ಫಾರಂ 50, 53, 57 ಬೇರೆ ಕಾನೂನಿನವು. ಎಲ್ಲಕ್ಕೂ ‘ಫಾರಂ’ ಎಂದೇ ಹೆಸರಾದ್ದರಿಂದ ಹಲವರು ಒಂದನ್ನು ಇನ್ನೊಂದು ಎಂದು ತಿಳಿಯುತ್ತಾರೆ. ಫಾರಂ 7 ಹಾಕಿದವನು ತನ್ನ ಹಕ್ಕು ಕೇಳಿದ. ಫಾರಂ 57 ಹಾಕಿದವನು ಮಂಜೂರಾತಿ ಕೇಳುತ್ತಾನೆ. ಅದಕ್ಕೇ ಅವನ ಕಾಯುವಿಕೆ ಉದ್ದ.

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಗೆದ್ದಾಗ ಅರಸು ಮುಖ್ಯಮಂತ್ರಿ. ಮರುವರ್ಷ ಇಬ್ಬರೂ ಬೇರೆಯಾದರು. 1980ರ ಜನವರಿಯಲ್ಲಿ ಅರಸು ಅಧಿಕಾರ ಬಿಟ್ಟರು, 1982ರ ಜೂನ್ 6ರಂದು ತೀರಿಕೊಂಡರು. ನಮ್ಮ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ಚುನಾವಣೆಯಿಂದ. ಆದರೆ ಪಹಣಿಯಲ್ಲಿ ಹೆಸರು ಬದಲಾದದ್ದು ಅರ್ಜಿಗಳಿಂದ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ಆ ಕಾಯ್ದೆಯಲ್ಲಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಸರ್ಕಾರ ತೆಗೆದುಹಾಕಿತು. ಗೇಣಿದಾರನಿಗೆ ಬಂದ ನೆಲ ಈಗ ಯಾರ ಕೈಗೂ ಹೋಗಬಹುದು.

ಪ್ರತಿವರ್ಷ ಆಗಸ್ಟ್ 20ರಂದು ಕಚೇರಿಗಳಲ್ಲಿ ಅರಸು ಫೋಟೋಕ್ಕೆ ಹಾರ ಬೀಳುತ್ತದೆ. ಆ ದಿನ ತಾಲ್ಲೂಕು ಕಚೇರಿಗೆ ಹೋದವರು ಒಂದು ಪ್ರಶ್ನೆ ಕೇಳಿ ಬನ್ನಿ: ನಮ್ಮ ಊರಿನ ಫಾರಂ 57 ಅರ್ಜಿಗಳು ಎಷ್ಟು ಬಾಕಿ ಇವೆ, ಯಾಕೆ ಬಾಕಿ ಇವೆ?