ಕನ್ನಡ ನಾಡಿನ ಮನೆಯಡುಗೆ: ಗ್ರಂಥದಲ್ಲಿ ಮತ್ತು ಒಲೆಯ ಮೇಲೆ

ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ ಕ್ರಿ.ಶ. 1162ರ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನಸ್ಥಾನವಾಗಿದ್ದ ಆ ಮಠವು ದೀನರಿಗೆ, ಅನಾಥರಿಗೆ, ಕುಂಟ-ಕುರುಡ-ಕಿವುಡರಿಗೆ, ಹಾಡುವವರಿಗೆ, ನಾನಾ ದೇಶಗಳ ಭಿಕ್ಷುಕರಿಗೆ ಅನ್ನವೀಯುವ ಸ್ಥಾನವೂ ಆಗಿದ್ದಿತೆಂದು ಅದು ವಿಸ್ತಾರವಾಗಿ ವರ್ಣಿಸುತ್ತದೆ. ಅನ್ನದಾನದ ಮಹಿಮೆಯನ್ನು ಸಾರುವ ಇಂತಹ ಶಾಸನಗಳು ನಾಡಿನಲ್ಲಿ ಹೇರಳವಾಗಿವೆ. ಆದರೆ ಏನು ಬೆಂದಿತು, ಹೇಗೆ ಬೆಂದಿತು, ಬೇಯಿಸಿದ ಕೈ ಯಾರದು ಎಂಬುದನ್ನು ಹೇಳುವುದು ಶಾಸನದ ಕೆಲಸವಲ್ಲ. ದತ್ತಿಯ ಭೂಮಿಗೆ ಎಲ್ಲೆಕಟ್ಟಿದವರು ಅದರಿಂದ ಬಂದ ಧಾನ್ಯ ಅನ್ನವಾಗುವ ಬಗೆಯನ್ನು ಬರೆದಿಡಬೇಕೆಂದು ಬಗೆಯಲಿಲ್ಲ. ಮನೆಯಡುಗೆಯ ಚರಿತ್ರೆಯನ್ನು ಅರಸುವವರಿಗೆ ಮೊದಲು ಎದುರಾಗುವ ತೊಡಕು ಇದೇ.

ಪಾಕಶಾಸ್ತ್ರದ ಗ್ರಂಥಗಳು ಕನ್ನಡ ನಾಡಿನಲ್ಲಿ ಇಲ್ಲವೆಂದಲ್ಲ. ಈ ವಿಷಯದಲ್ಲಿ ಕನ್ನಡ ಬಹು ಸಂಪನ್ನವಾದ ಭಾಷೆ. ಹತ್ತನೆಯ ಶತಮಾನದ ಶಿವಕೋಟ್ಯಾಚಾರ್ಯನ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ಲೋಕೋಪಕಾರದಲ್ಲಿ ಅಡುಗೆಗೇ ಮೀಸಲಾದ ಭಾಗವಿದೆ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಕೂಡಿಸುವ ಕ್ರಮವನ್ನು ಅದು ಹೇಳುತ್ತದೆ. ಅಲ್ಲಿ ಅಕ್ಕಿಯ ಪ್ರಸ್ತಾಪವೇ ಇಲ್ಲದಿರುವುದು ಗಮನಾರ್ಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಅನ್ನಭೋಗಪ್ರಕರಣದಲ್ಲಿ ಇಡ್ಡರಿಕಾ, ದೋಸಕ, ವಟಕ, ಪೂರಿಕಾ, ಪರ್ಪಟ, ಮಂಡಕಗಳು ಬರುತ್ತವೆ. ಮಗುಚಿಟ್ಟ ಮಡಕೆಯ ಬೆನ್ನ ಮೇಲೆ ಬೇಯಿಸುವ ಮಂಡಕ ಇಂದಿಗೂ ಬೆಳಗಾವಿಯ ಕಡೆ ಮಂಡಿಗೆಯಾಗಿ ಉಳಿದಿದೆ. ಮಾಂಸಪಾಕಗಳಿಗೂ ಆ ಗ್ರಂಥ ಧಾರಾಳವಾಗಿ ಎಡೆಕೊಟ್ಟಿದೆ. ಅದು ಅರಮನೆಯ ಪಂಕ್ತಿ. ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನಕವಿ ಮೂರನೆಯ ಮಂಗರಸನು ಸುಮಾರು 1508ರಲ್ಲಿ ರಚಿಸಿದ ಸೂಪಶಾಸ್ತ್ರ ಕೇವಲ ಸಸ್ಯಾಹಾರಕ್ಕೆ ಮೀಸಲಾದುದು. ಹಿಟ್ಟಿನ ತಿನಿಸು, ಪಾನಕ, ಬದನೆ, ಹಲಸು, ಬಾಳೆ ಇವುಗಳ ಪಾಕಗಳನ್ನು ಷಟ್ಪದಿಯಲ್ಲಿ ಬಂಧಿಸಿರುವ ಅವನ ಸಾಹಸ ಮೆಚ್ಚತಕ್ಕದ್ದು. ಕೆಳದಿಯ ಬಸವಭೂಪಾಲನ ಶಿವತತ್ತ್ವರತ್ನಾಕರ (1709) ಸಕಲ ವಿದ್ಯೆಗಳ ಕೋಶವಾದುದರಿಂದ ಅದರಲ್ಲಿಯೂ ಅಡುಗೆಯ ವಿಚಾರಕ್ಕೆ ಸ್ಥಾನ ದೊರೆತಿದೆ.

ಇವೆಲ್ಲವೂ ಅಮೂಲ್ಯವಾದುವು. ಆದರೆ ಇವನ್ನು ಬರೆದವರು ಅರಸರು, ಪ್ರಭುಗಳು, ಅವರ ಆಶ್ರಯದ ವಿದ್ವಾಂಸರು. ಹತ್ತು ಜನರ ಸಂಸಾರಕ್ಕೆ ದಿನವೂ ಎರಡು ಹೊತ್ತು ಒಲೆ ಹೊತ್ತಿಸುತ್ತಿದ್ದ ಗೃಹಿಣಿ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಸಾಗಿದ ಆಕೆಯ ಶಾಸ್ತ್ರವನ್ನು ಗ್ರಂಥದ ಹೊರಗೆ, ಬಳಕೆಯ ಮಾತಿನಲ್ಲಿ, ಹಬ್ಬದ ವಿಧಿನಿಷೇಧಗಳಲ್ಲಿ, ಬಾಣಂತಿಯ ಕೋಣೆಯಲ್ಲಿ ಹುಡುಕಬೇಕಾಗುತ್ತದೆ.

ಮಾತಿನಿಂದಲೇ ಆರಂಭಿಸಬಹುದು. ‘ಮೆಣಸಿನಕಾಯಿ’ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೊಂದು ಚರಿತ್ರೆಯಿದೆ. ಹಳಗನ್ನಡದಲ್ಲಿ ಮೆಣಸು ಎಂದರೆ ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಅಮೆರಿಕ ಖಂಡದ ಗಿಡವೊಂದು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. ಅದರ ಕಾಯಿ ಮೆಣಸಿನಂತೆ ಖಾರವಾಗಿದ್ದುದರಿಂದ ಜನ ಅದನ್ನು ಮೆಣಸಿನ ಕಾಯಿ ಎಂದರು. ಬಂದ ಅತಿಥಿ ಮನೆಯನ್ನೇ ಆಕ್ರಮಿಸಿದ ಮೇಲೆ ಮನೆಯೊಡೆಯನಿಗೆ ವಿಶೇಷಣ ಹಚ್ಚಬೇಕಾಯಿತು. ಮೆಣಸು ಕರಿಮೆಣಸಾಯಿತು, ಕಾಳುಮೆಣಸಾಯಿತು, ಕರಾವಳಿಯಲ್ಲಿ ಒಳ್ಳೆಮೆಣಸಾಯಿತು. ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಮಂಗರಸನ ಸೂಪಶಾಸ್ತ್ರ ಅದಕ್ಕೆ ಎರಡು ವರ್ಷ ಹಿಂದಿನದು. ಎಂದರೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಶೇಂಗಾ ಇವು ಯಾವುವೂ ಇಲ್ಲದ ಕನ್ನಡ ಅಡುಗೆಮನೆಯ ಕೊನೆಯ ದೊಡ್ಡ ಚಿತ್ರ ಅವನ ಗ್ರಂಥದಲ್ಲಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನಲ್ಲಿ ಆ ಪರದೇಶಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತುದನ್ನು ನೆನೆದರೆ, ಅದು ಎಷ್ಟರಮಟ್ಟಿಗೆ ಮನೆಮಗಳಾಯಿತೆಂಬುದು ತಿಳಿಯುತ್ತದೆ.

ಹಳೆಯ ಅಡುಗೆ ಇದರಿಂದ ಅಳಿದುಹೋಯಿತೆ? ಇಲ್ಲ. ಅದು ಎರಡು ಎಡೆಗಳಲ್ಲಿ ಅಡಗಿ ಕುಳಿತಿದೆ. ವೈದಿಕರ ಹಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ನಿಷಿದ್ಧ, ಕರಿಮೆಣಸಿನದೇ ಖಾರ. ಆಲೂಗಡ್ಡೆ, ಟೊಮೇಟೊ, ಕೋಸು ಅಲ್ಲಿಗೆ ಬರುವಂತಿಲ್ಲ. ಪಿತೃಗಳು ಉಂಡುದನ್ನೇ ಪಿತೃಗಳಿಗೆ ಬಡಿಸಬೇಕೆಂಬ ಭಾವನೆ ಐದು ನೂರು ವರ್ಷಗಳ ಹಿಂದಿನ ಪಾಕವನ್ನು ಅರಿಯದೆಯೇ ಕಾಪಾಡಿಕೊಂಡು ಬಂದಿದೆ. ಎರಡನೆಯದು ಬಾಣಂತಿಯ ಪಥ್ಯ. ಇದಕ್ಕೆ ಮತಭೇದವಿಲ್ಲ, ಜಾತಿಭೇದವಿಲ್ಲ. ಮೆಣಸು, ಜೀರಿಗೆಗಳನ್ನು ಹುರಿದು ಕುಟ್ಟಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹದವಾಗಿ ಹುಳಿ ಬೆರೆಸಿ, ತುಪ್ಪದ ಒಗ್ಗರಣೆ ಕೊಟ್ಟ ಮೆಣಸಿನ ಸಾರು ಹೆತ್ತವಳಿಗೂ ಜ್ವರದಿಂದೆದ್ದವರಿಗೂ ಇಂದಿಗೂ ಮೊದಲ ಆಹಾರ. ಚಾವುಂಡರಾಯನ ಕಾಲದವನೊಬ್ಬ ಇಂದು ಬಂದರೆ ಹೋಟೆಲಿನ ಊಟದಲ್ಲಿ ಕಂಗೆಟ್ಟಾನು. ಬಾಣಂತಿಯ ಕೋಣೆಯ ಸಾರಿನಲ್ಲಿ ತನ್ನ ಮನೆಯ ರುಚಿಯನ್ನು ಗುರುತಿಸಿಯಾನು.

ಉತ್ತರ ಕರ್ನಾಟಕದ ರೊಟ್ಟಿಯೂಟಕ್ಕೂ ಈ ಮಾತು ಅನ್ವಯಿಸುತ್ತದೆ. ಶೇಂಗಾ ಹಿಂಡಿಯಿಲ್ಲದ ರೊಟ್ಟಿಯನ್ನು ಅಲ್ಲಿ ಊಹಿಸುವುದು ಕಷ್ಟ. ಆದರೆ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಅದಕ್ಕಿಂತ ಹಳೆಯವು ಗುರೆಳ್ಳು, ಅಗಸೆ, ಎಳ್ಳುಗಳ ಹಿಂಡಿಗಳು, ಎಣ್ಣೆಯಲ್ಲಿ ಕುಸುಬೆ. ಇವು ಇನ್ನೂ ತಟ್ಟೆಯಂಚಿನಲ್ಲಿ ಉಳಿದಿವೆ. ಮೇಲಾಗಿ ಜೋಳವೂ ರಾಗಿಯೂ ಅತಿ ಪ್ರಾಚೀನ ಕಾಲದಲ್ಲಿ ಆಫ್ರಿಕದಿಂದ ಬಂದುವೆಂದು ಸಸ್ಯವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಬಳ್ಳಾರಿಯ ಬಳಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳಲ್ಲಿ ಮುಖ್ಯವಾದುವು ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳು. ಅವು ಕ್ರಿಸ್ತಪೂರ್ವ ಮೂರನೆಯ ಮತ್ತು ಎರಡನೆಯ ಸಹಸ್ರಮಾನಗಳಿಗೆ ಸೇರಿದುವು. ಬಡವರ ಕಾಳೆಂದು ಕಡೆಗಣಿಸಲ್ಪಟ್ಟ ಹುರುಳಿಯೇ ಈ ನೆಲದ ಹಿರಿಯ ಧಾನ್ಯಗಳಲ್ಲೊಂದು. ಹುರುಳಿಯನ್ನು ಬೇಯಿಸಿ, ಬಸಿದ ಕಟ್ಟಿಗೆ ಹುಳಿ-ಖಾರ ಕೂಡಿಸಿ, ಕಾಳನ್ನು ಪಲ್ಯಕ್ಕೆ ತೆಗೆದಿರಿಸುವ ಹಳ್ಳಿಯ ಅಡುಗೆಯನ್ನು ಯಾವ ಅರಸನೂ ತನ್ನ ಗ್ರಂಥಕ್ಕೆ ಸೇರಿಸಿಕೊಳ್ಳಲು ಆತುರಪಡಲಾರ.

ಹೊರಗಿನದೆಂದ ಮಾತ್ರಕ್ಕೆ ಜೋಳದ ರೊಟ್ಟಿಯ ಹಿರಿಮೆ ಕುಗ್ಗುವುದಿಲ್ಲ. ಗೋದಿಯ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಬಿರಿಯುತ್ತದೆ. ಕುದಿಯುವ ಎಸರಿಗೆ ಹಿಟ್ಟು ಹಾಕಿದಾಗ ಅದರ ಪಿಷ್ಟ ಬಿಸಿಗೆ ಉಬ್ಬಿ ಜಿಗಿ ಹುಟ್ಟುತ್ತದೆ. ಆ ಬಳಿಕ ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಕೆಂಡಕ್ಕೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಬೀಸಿ ಬಹುದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲವಾದುದರಿಂದ ಹಿಂದಿನವರು ಬೇಕಾದಷ್ಟನ್ನೇ ಆಗಿಂದಾಗ್ಗೆ ಬೀಸಿಕೊಳ್ಳುತ್ತಿದ್ದರು. ಇದರಲ್ಲಿ ರಸಾಯನಶಾಸ್ತ್ರವಿದೆ, ಯಂತ್ರಶಾಸ್ತ್ರವಿದೆ, ಶ್ಲೋಕ ಮಾತ್ರವಿಲ್ಲ.

ಹಬ್ಬದ ಅಡುಗೆಗೆ ಬಂದರೆ ನಾಗಪಂಚಮಿ ಎಲ್ಲಕ್ಕಿಂತ ಹೆಚ್ಚು ಬೋಧಪ್ರದವಾದುದು. ಅಂದು ಹಂಚಿಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಆದುದರಿಂದ ಮುನ್ನವೇ ‘ರೊಟ್ಟಿ ಪಂಚಮಿ’ಯ ಹೆಸರಿನಲ್ಲಿ ಜೋಳ, ಸಜ್ಜೆಗಳ ರೊಟ್ಟಿಗಳನ್ನು ತಟ್ಟಿ ಒಣಗಿಸಿಡುತ್ತಾರೆ. ಹಬ್ಬದ ದಿನಕ್ಕೆ ಹಬೆಯಲ್ಲಿ ಬೆಂದ ಕಡುಬು, ಜೋಳದ ಅರಳು, ತಂಬಿಟ್ಟು, ಬಗೆಬಗೆಯ ಉಂಡಿಗಳು. ಹಾವಿಗೆ ಬಿಸಿ ತಾಗಬಾರದು, ಗಾಯವಾಗಬಾರದು ಎಂಬುದು ಜನ ಕೊಡುವ ಕಾರಣ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ಎಣ್ಣೆಯ ಕಡಾಯಿ ಮೆರೆಯುವುದಕ್ಕೆ ಮುನ್ನ ಅರಳು ಹುರಿದು, ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಉಣ್ಣುತ್ತಿದ್ದ ಅಡುಗೆಯ ನೆನಪು ಈ ನಿಷೇಧದಲ್ಲಿ ಉಳಿದಿರಬಹುದೆಂದು ಊಹಿಸಲು ಅವಕಾಶವಿದೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಹೊತ್ತು ಚರಗ ಚೆಲ್ಲುವಾಗಲೂ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಅಂಬಲಿಗಳು ಹೋಳಿಗೆಯ ಜೊತೆಗೆ ಇರಲೇಬೇಕು. ಬೀದರ ಕಲಬುರಗಿಗಳ ಕಡೆ ಅಂದಿನ ಭಜ್ಜಿಯಲ್ಲಿ ಆ ಕಾಲಕ್ಕೆ ಹೊಲದಲ್ಲಿ ದೊರೆಯುವ ಸೊಪ್ಪು, ಹಸಿಕಾಳುಗಳು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬೆಳೆದುದರ ಲೆಕ್ಕವನ್ನು ಭೂಮಿತಾಯಿಗೆ ಒಪ್ಪಿಸುವ ರೀತಿ ಅದು.

ಹೋಳಿಗೆಯನ್ನು ಸಿರಿವಂತಿಕೆಯ ಗುರುತೆಂದು ತಿಳಿಯುವುದುಂಟು. ಅದರ ಪಾಕಕ್ರಮವನ್ನು ನೋಡಿದರೆ ಅದು ಮಿತವ್ಯಯದ ಪಾಠವಾಗಿದೆ. ಕಡಲೆಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬೇಳೆ ಬೆಲ್ಲದೊಡನೆ ರುಬ್ಬಿ ಹೂರಣವಾಗುತ್ತದೆ. ಬಸಿದ ಕಟ್ಟನ್ನು ಚೆಲ್ಲುವುದಿಲ್ಲ. ಮಸಾಲೆ, ಹುಳಿ, ಒಂದು ಹಿಡಿ ಹೂರಣ ಸೇರಿ ಅದು ಕಟ್ಟಿನ ಸಾರಾಗುತ್ತದೆ. ಉಳಿದ ಕಣಕ ಮರುದಿನ ಚಪಾತಿಯಾಗುತ್ತದೆ. ಒಂದು ಸೇರು ಬೇಳೆಯಿಂದ ಸಿಹಿಯೂ ಖಾರವೂ ಹುಟ್ಟಿ ಮನೆಮಂದಿಗೆಲ್ಲ ಎರಡು ದಿನದ ಊಟವಾಗುವ ಈ ಜಾಣ್ಮೆ ಅರಮನೆಯದಲ್ಲ.

ಈ ಮಿತವ್ಯಯಕ್ಕೆ ಶರಣರ ಬಾಳಿನಲ್ಲಿ ತಾತ್ತ್ವಿಕ ನೆಲೆ ದೊರೆತುದನ್ನು ಇಲ್ಲಿ ನೆನೆಯಬಹುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆ ಎಲ್ಲರೂ ಬಲ್ಲುದು. ಈ ಪ್ರಸಂಗವನ್ನು ಕಾಯಕತತ್ತ್ವದ ನಿದರ್ಶನವಾಗಿ ವಿದ್ವಾಂಸರು ವಿವರಿಸಿದ್ದಾರೆ; ಅದು ಉಚಿತವೇ. ಆದರೆ ಕಣ್ಣಳತೆಯಿಂದಲೇ ಅಕ್ಕಿ ಹೆಚ್ಚಾಯಿತೆಂದು ಗುರುತಿಸಿದವಳು ಅಡುಗೆ ಮಾಡುವವಳು ಎಂಬ ಸಂಗತಿಯತ್ತ ಅಷ್ಟು ಗಮನ ಹರಿದಿಲ್ಲ. ಇಂದಿನ ದಾಸೋಹಕ್ಕೆ ಎಷ್ಟು ಬೇಕೆಂಬುದು ಲಕ್ಕಮ್ಮನಿಗೆ ಗೊತ್ತಿತ್ತು, ಮಾರಯ್ಯನಿಗೆ ಗೊತ್ತಿರಲಿಲ್ಲ. ಧಾನ್ಯ ಕುಟ್ಟುವ ಕಾಯಕವನ್ನೇ ಹೆಸರಿನಲ್ಲಿ ಹೊತ್ತ ಕೊಟ್ಟಣದ ಸೋಮಮ್ಮ ವಚನಕಾರ್ತಿಯರ ಸಾಲಿನಲ್ಲಿರುವುದೂ ಅಡುಗೆಮನೆಯ ಚರಿತ್ರೆಗೆ ಸಣ್ಣ ಆಧಾರವಲ್ಲ.

ಸೋಮಮ್ಮನ ಒನಕೆಯ ಮಾತು ಇನ್ನೊಂದು ಪ್ರಶ್ನೆಗೆ ದಾರಿತೋರುತ್ತದೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನರೆದಲಗವೆಂಬ ರಾಗಿಗೂ ವ್ರೀಹಿಗೂ ವಾದ ನಡೆದು, ಆರು ತಿಂಗಳ ಸೆರೆವಾಸದ ಪರೀಕ್ಷೆಯ ಬಳಿಕ ರಾಗಿ ಗೆಲ್ಲುತ್ತದೆ. ರಾಗಿ ಬಹುಕಾಲ ಕೆಡದೆ ಉಳಿಯುವ ಧಾನ್ಯವೆಂಬ ರೈತರ ಅನುಭವವೇ ಅಲ್ಲಿ ಕಾವ್ಯವಾಗಿದೆ. ಆ ಸಭೆಯಲ್ಲಿ ನೆರೆದಿದ್ದ ನವಣೆ, ಸಾಮೆ, ಹಾರಕಗಳು ಇಪ್ಪತ್ತನೆಯ ಶತಮಾನದಲ್ಲಿ ಮನೆಗಳಿಂದ ಮರೆಯಾದುವು. ರಾಗಿ, ಜೋಳ, ಸಜ್ಜೆಗಳು ಮಾತ್ರ ಉಳಿದುವು. ರುಚಿ, ಅಂತಸ್ತು, ಅಕ್ಕಿಯ ಸುಲಭ ಲಭ್ಯತೆಗಳನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಅವುಗಳ ಪಾತ್ರವೂ ಉಂಟು. ಆದರೆ ಮುಖ್ಯ ಕಾರಣ ಒನಕೆಯಲ್ಲಿದೆ. ರಾಗಿ, ಜೋಳ, ಸಜ್ಜೆಗಳ ಕಾಳು ಒಕ್ಕಿದಾಗಲೇ ಹೊಟ್ಟಿನಿಂದ ಬೇರ್ಪಡುತ್ತದೆ. ನೇರವಾಗಿ ಗಿರಣಿಗೆ ಒಯ್ಯಬಹುದು. ನವಣೆ, ಸಾಮೆ, ಹಾರಕ, ಕೊರಲೆಗಳಿಗೆ ಸಿಪ್ಪೆಯುಂಟು. ಅದನ್ನು ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಬಿಡಿಸಬೇಕು. ಹಿಟ್ಟಿನ ಗಿರಣಿ ಊರೂರಿಗೆ ಬಂದು ಒರಳು ಒನಕೆಗಳು ಮೂಲೆ ಸೇರಿದಾಗ, ಗಿರಣಿಗೆ ಒಗ್ಗದ ಧಾನ್ಯಗಳೂ ಅವುಗಳ ಜೊತೆಗೇ ಹೊರಟುಹೋದುವು. ಹೆಂಗಸರ ರಟ್ಟೆಗೆ ಬಿಡುವು ದೊರೆತುದು ಸಂತೋಷದ ಸಂಗತಿ. ಅದನ್ನು ಹಳಿಯುವುದು ನ್ಯಾಯವಲ್ಲ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಕಾಲಕ್ಕೆ ನವಣೆ ಯಂತ್ರದಿಂದ ಸಿಪ್ಪೆ ಸುಲಿಸಿಕೊಂಡು ಪೊಟ್ಟಣಗಳಲ್ಲಿ ಮರಳಿ ಬಂದಿತು. ಅದರ ಬೆನ್ನ ಮೇಲೆ ಪಾಕವಿಧಾನವನ್ನು ಅಚ್ಚುಹಾಕಬೇಕಾಗಿರುವುದು, ನಡುವೆ ಎರಡು ತಲೆಮಾರುಗಳ ಕೈಬಳಕೆ ತಪ್ಪಿಹೋಗಿರುವುದಕ್ಕೆ ಸಾಕ್ಷಿ.

ಅಳತೆಯ ಕಥೆಯೂ ಹೀಗೆಯೇ. ಮನೆಯಡುಗೆಯ ಮಾನಗಳು ಹಿಡಿ, ಬೊಗಸೆ, ಚಿಟಿಕೆ, ಪಾವು, ಸೇರುಗಳು. ಸೇರು ಸೀಮೆಯಿಂದ ಸೀಮೆಗೆ ಬೇರೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಬಳಿಕ ಅಂಗಡಿಯಲ್ಲಿ ಕಿಲೋಗ್ರಾಂ ನೆಲೆಗೊಂಡರೂ ಮುದುಕಿಯರ ಬಾಯಲ್ಲಿ ಸೇರು ಬಹುಕಾಲ ಉಳಿದಿತ್ತು. ‘ಒಂದು ಸೇರಿಗೆ ಒಂದು ಹಿಡಿ’ ಎಂಬ ಮಾತನ್ನು ಇಂದು ಬರೆದುಕೊಳ್ಳುವವರು ಯಾವ ಸೀಮೆಯ ಸೇರು, ಯಾರ ಹಿಡಿ ಎಂಬುದನ್ನೂ ಬರೆದುಕೊಳ್ಳಬೇಕಾಗುತ್ತದೆ.

ಹಲಸಂಗಿಯ ಗೆಳೆಯರು ಗರತಿಯ ಹಾಡನ್ನು 1931ರಲ್ಲಿ ಪ್ರಕಟಿಸಿದಾಗ ಬೀಸುವ ಕಲ್ಲಿನ ಮುಂದಿನ ಹಾಡಿಗೆ ಸಾಹಿತ್ಯದಲ್ಲಿ ಗೌರವದ ಸ್ಥಾನ ದೊರೆಯಿತು. ಅಲ್ಲಿಂದೀಚೆಗೆ ಸಾವಿರಾರು ತ್ರಿಪದಿಗಳು ಸಂಗ್ರಹವಾಗಿವೆ. ಆ ಹಾಡಿನೊಡನೆ ಬಿದ್ದ ಹಿಟ್ಟು ಯಾವ ಧಾನ್ಯದ್ದು, ಎಷ್ಟು ನುಣ್ಣಗೆ ಬೀಸಿದ್ದು, ಯಾವ ಹಬ್ಬದ ಯಾವ ತಿನಿಸಿಗೆ ಎಂಬುದನ್ನು ಅದೇ ಶ್ರದ್ಧೆಯಿಂದ ಕೇಳಿ ಬರೆದವರು ವಿರಳ. ಜಾನಪದದ ವಿದ್ಯಾರ್ಥಿಗಳು ಹಾಡಿದವಳ ಹೆಸರು, ಊರು, ವಯಸ್ಸುಗಳನ್ನು ದಾಖಲಿಸುವಂತೆ ಕಡುಬಿನ ಕಣಕ ಕಲಸಿದವಳ ಹೆಸರು, ಊರು, ತವರು, ಬಳಸಿದ ಪಾತ್ರೆ, ಉರುವಲುಗಳನ್ನೂ ದಾಖಲಿಸಲು ಯಾವ ಅಡ್ಡಿಯೂ ಇಲ್ಲ. ಅದರಲ್ಲಿಯೂ ತವರಿನ ಊರನ್ನು ತಪ್ಪದೆ ಕೇಳಬೇಕು; ಅಡುಗೆ ಸೀಮೆಯಿಂದ ಸೀಮೆಗೆ ಸಾಗಿದುದು ಸೈನ್ಯದ ಹಾದಿಯಲ್ಲಿ ಅಲ್ಲ, ಸೊಸೆಯರ ಹಾದಿಯಲ್ಲಿ.