ರಟ್ಟೆಬಲದ ಚರಿತ್ರೆ, ಸೊನ್ನೆಯಿಂದ ಶುರು

(1/6) ಕೊನೆಯ ಸಂಖ್ಯೆ

ನೆಲಕ್ಕೆ ಕೈಯೂರಿ ಪುಷ್-ಅಪ್ ಹೊಡೆಯೋಕೆ ಹೋದ್ರೆ ಅರ್ಧಕ್ಕೇ ಎದೆ ಧೊಪ್ ಅಂತ ನೆಲಕ್ಕೆ ಬೀಳುತ್ತಾ? ಬಾರ್‌ಗೆ ಜೋತುಬಿದ್ರೆ ಹತ್ತೇ ಸೆಕೆಂಡಿಗೆ ಕೈ ಜಾರುತ್ತಾ? ಹಾಗಿದ್ರೆ ಈ ಆರು ಪೋಸ್ಟ್ ನಿಮಗೇ.

ಮೊದಲು ಒಂದು ಹೆಸರು: ಗಾಮಾ ಪೈಲ್ವಾನ. 1910ರಲ್ಲಿ ಲಂಡನ್‌ಗೆ ಹೋಗಿ ಪೋಲೆಂಡಿನ ಜ್ಬಿಸ್ಕೋಗೆ ಎದುರು ನಿಂತ ಜಟ್ಟಿ. ಇವರ ಬಗ್ಗೆ ಯಾವ ವಿಡಿಯೋ ನೋಡಿದ್ರೂ ಒಂದೇ ಮಾತು: ದಿನಕ್ಕೆ ಸಾವಿರಾರು ದಂಡ, ಸಾವಿರಾರು ಬಸ್ಕಿ. ಇದನ್ನ ಕೇಳಿದ ಹೊಸಬ ಏನ್ಮಾಡ್ತಾನೆ? ಮೊದಲನೇ ದಿನ ನೂರು ಹೊಡೆಯೋಕೆ ಹೋಗ್ತಾನೆ. ಮಾರನೇ ದಿನ ತಲೆ ಬಾಚೋಕೂ ಕೈ ಮೇಲೇಳಲ್ಲ. ಮೂರನೇ ದಿನಕ್ಕೆ "ಇದು ನಮ್ಮಂಥವರಿಗಲ್ಲ" ಅಂತ ಕೂತುಬಿಡ್ತಾನೆ.

ನಾವು ಬಿಕಾಂನವರಿಗೆ ಒಂದು ವಿಷಯ ಗೊತ್ತಿರುತ್ತೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಮಾರ್ಚ್ 31ನೇ ತಾರೀಖಿನ ಲೆಕ್ಕ. ವರ್ಷವಿಡೀ ಆ ಹಣ ಹೇಗೆ ಕೂಡಿತು ಅಂತ ತಿಳೀಬೇಕಾದ್ರೆ ದಿನವಹಿ ಪುಸ್ತಕ ತೆಗೀಬೇಕು. ಶಕ್ತಿಯ ಚರಿತ್ರೆಯಲ್ಲಿ ನಮ್ಮ ಕಿವಿಗೆ ಬೀಳೋದೆಲ್ಲ ಬ್ಯಾಲೆನ್ಸ್ ಶೀಟೇ. ಗಾಮಾ ಹುಡುಗನಾಗಿದ್ದಾಗ ಮೊದಲ ವಾರ ಎಷ್ಟು ದಂಡ ಹೊಡೆದ ಅನ್ನೋದನ್ನ ಯಾರೂ ಹಾಡಿ ಹೊಗಳಲ್ಲ.

ಆದ್ರೆ ಹಳಬರು ಹೊಸಬರಿಗೆ ದಾರಿ ಮಾಡಿಟ್ಟಿದ್ರು. ಆ ದಿನವಹಿ ಪುಸ್ತಕ ಹುಡುಕೋಣ ಬನ್ನಿ.

(2/6) ಕಲ್ಯಾಣದ ಅರಸ, ಗರಡಿಯ ಗುದ್ದಲಿ

ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಅದು ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ 1130ರ ಸುಮಾರಿಗೆ ಅರಸ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅನ್ನೋ ದೊಡ್ಡ ಗ್ರಂಥ ಬರೆದ. ಅಡುಗೆ, ಆನೆ, ಸಂಗೀತ, ಬೇಟೆ ಎಲ್ಲ ಇರೋ ಆ ಪುಸ್ತಕದಲ್ಲಿ ಮಲ್ಲವಿನೋದ ಅಂತಲೂ ಒಂದು ಭಾಗ ಇದೆ.

ಅದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಮಲ್ಲರನ್ನ ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ದರ್ಜೆಗೆ ಹಾಕಿದಾರೆ. ಎಲ್ಲರಿಗೂ ಒಂದೇ ಅಳತೆ ಇಲ್ಲ. ಎರಡು, ಅಭ್ಯಾಸದಲ್ಲಿ ಭಾರ ಎತ್ತೋದು, ನಡೆಯೋದು, ಈಜೋದು, ತೋಳಿನ ಕಸರತ್ತು, ಕಂಬದ ಕಸರತ್ತು ಅಂತ ಬೇರೆ ಬೇರೆ ಶ್ರಮಗಳಿವೆ. ಇವತ್ತಿನ ಕೋಚ್ ಬರೆದುಕೊಡೋ ಚಾರ್ಟ್‌ಗೂ ಇದಕ್ಕೂ ಬಹಳ ದೂರ ಇಲ್ಲ.

ಈಗ ಗರಡಿಮನೆಗೆ ಬನ್ನಿ. ಮೈಸೂರಿನ ಹಳೇ ಕೇರಿಗಳಲ್ಲಿ ಇವತ್ತಿಗೂ ಗರಡಿಗಳಿವೆ. ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ನಡುವೆ ಎಣ್ಣೆ ಅರಿಶಿನ ಬೆರೆಸಿದ ಕೆಮ್ಮಣ್ಣಿನ ಮಟ್ಟಿ. ಅಲ್ಲಿ ಹುಡುಗರ ಪಾಲಿಗೆ ಬರೋ ಕೆಲಸಗಳಲ್ಲಿ ಒಂದು, ಗುದ್ದಲಿ ಹಿಡಿದು ಮಟ್ಟಿ ಅಗೆದು ಮಣ್ಣು ಸಡಿಲ ಮಾಡೋದು. ನೋಡೋಕೆ ಕೂಲಿ ಕೆಲಸ. ಆದ್ರೆ ಗುದ್ದಲಿ ಮೇಲೆತ್ತಿ, ನೆಲಕ್ಕಿಳಿಸಿ, ಮಣ್ಣನ್ನ ತನ್ನ ಕಡೆಗೆ ಎಳೆಯೋವಾಗ ಕೆಲಸ ಮಾಡೋದು ಬೆನ್ನು, ಹೆಗಲು, ಮುಂಗೈ, ಹಿಡಿತ.

ದಂಡ ತಳ್ಳೋ ಬಲ ಕೊಡುತ್ತೆ, ಗುದ್ದಲಿ ಎಳೆಯೋ ಬಲ ಕೊಡುತ್ತೆ. ಇವತ್ತು ಮನೇಲಿ ಶುರು ಮಾಡೋ ಬಹಳ ಜನ ಬರೀ ತಳ್ತಾರೆ, ಎಳೆಯೋದನ್ನ ಮರೀತಾರೆ. 

(3/6) ಬೀಸುವ ಕಲ್ಲು

ಗರಡಿಯ ಚರಿತ್ರೆ ಅಂದ ತಕ್ಷಣ ಬರೀ ಗಂಡಸರ ಮೀಸೆ ಕಣ್ಣಮುಂದೆ ಬರುತ್ತೆ. ಸ್ವಲ್ಪ ತಾಳಿ.

2017ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಮಧ್ಯ ಯುರೋಪಿನ ಹಳೇ ಸಮಾಧಿಗಳಲ್ಲಿ ಸಿಕ್ಕ ಹೆಂಗಸರ ಮೂಳೆಗಳನ್ನ ಇವತ್ತಿನ ಹೆಣ್ಣುಮಕ್ಕಳ ಮೂಳೆಗಳ ಜೊತೆ ಹೋಲಿಸಿದ್ರು. ಹೋಲಿಕೆಗೆ ಇದ್ದವರಲ್ಲಿ ದಿನಾ ಗಂಟೆಗಟ್ಟಲೆ ಹುಟ್ಟು ಹಾಕೋ ದೋಣಿ ಪಂದ್ಯದ ಆಟಗಾರ್ತಿಯರೂ ಸೇರಿದ್ರು. ಸುಮಾರು 7,000 ವರ್ಷ ಹಿಂದೆ, ಬೇಸಾಯದ ಶುರುವಿನ ಕಾಲದಲ್ಲಿ ಬದುಕಿದ್ದ ಹೆಂಗಸರ ತೋಳಿನ ಮೂಳೆ ಆ ಆಟಗಾರ್ತಿಯರ ಮೂಳೆಗಿಂತ ಶೇ. 11ರಿಂದ 16ರಷ್ಟು ಗಟ್ಟಿ ಇತ್ತು! ಸಂಶೋಧಕರು ಹೇಳೋ ಕಾರಣ: ನೆಲ ಅಗೆಯೋದು, ಪೈರು ಕೊಯ್ಯೋದು, ದಿನದಲ್ಲಿ ಎಷ್ಟೋ ಹೊತ್ತು ಕಲ್ಲಿನ ಮೇಲೆ ಕಾಳು ಅರೆಯೋದು.

ಇದನ್ನ ಅರ್ಥ ಮಾಡ್ಕೊಳ್ಳೋಕೆ ನಾವು ಯುರೋಪಿಗೆ ಹೋಗಬೇಕಾಗಿಲ್ಲ. ನಿಮ್ಮ ಅಜ್ಜಿಯನ್ನ ಕೇಳಿ. ಬೀಸುವ ಕಲ್ಲು, ಅರೆಯುವ ಕಲ್ಲು, ಒನಕೆ, ಬಾವಿಯ ಹಗ್ಗ. ತಳ್ಳು, ಎಳೆ, ಎತ್ತು, ಇಳಿಸು. ಚಿತ್ರದುರ್ಗದ ಓಬವ್ವನ ಕಥೆಯಲ್ಲಿ ಒನಕೆಯನ್ನ ನೋಡ್ತೀವಿ. ಆ ಒನಕೆ ಎತ್ತೋ ರಟ್ಟೆ ಎಲ್ಲಿಂದ ಬಂತು ಅಂತ ಕೇಳಲ್ಲ. ವರ್ಷಗಟ್ಟಲೆ ಭತ್ತ ಕುಟ್ಟಿದ ಕೈ ಅದು.

ಹಾಗಂತ ಆ ದುಡಿತವನ್ನ ಸುಖ ಅಂತ ಹೊಗಳೋದು ಬೇಡ. ಮಿಕ್ಸಿ ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ "ಹುಡುಗೀರ ಕೈಯಲ್ಲಿ ಪುಷ್-ಅಪ್ ಆಗಲ್ಲ" ಅನ್ನೋ ಮಾತಿಗೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು. ಯಾರೂ ಅದನ್ನ ಎಣಿಸಿ ಬರೆದಿಡಲಿಲ್ಲ, ಅಷ್ಟೇ.

(4/6) ಅಂಚೆಯಲ್ಲಿ ಕೋಚಿಂಗ್

ಫೋಟೋ ಹಾಕಿ, ಜನರನ್ನ ಸೆಳೆದು, ದೂರದಿಂದಲೇ ವ್ಯಾಯಾಮ ಕಲಿಸೋದು ಹೊಸ ಐಡಿಯಾ ಅಂದ್ಕೊಂಡ್ರಾ? 1867ರಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಇದನ್ನ ವ್ಯಾಪಾರವನ್ನೇ ಮಾಡಿದ್ದ. ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟು ಹೋಗಿದ್ದ.

ಮುಂದೆ ಅದೇ ಗಾಳಿ ಬೆಂಗಳೂರಲ್ಲಿ ಬೀಸ್ತು. ಕೋಲಾರ ಮೂಲದ ಕೆ.ವಿ. ಅಯ್ಯರ್ (1897-1980). 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರು ಅಂತ ಕನ್ನಡ ಓದುಗರಿಗೆ ಗೊತ್ತು. ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರೂ ಹೌದು. ಅದೇ ಅಯ್ಯರ್ ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ರು, 1930ರಲ್ಲಿ ಇಂಗ್ಲಿಷಿನಲ್ಲಿ 'ಮಸಲ್ ಕಲ್ಟ್' ಪುಸ್ತಕ ತಂದ್ರು. ಅವರ ಮೈಕಟ್ಟಿನ ಫೋಟೋಗಳು ವಿದೇಶಿ ಪತ್ರಿಕೆಗಳಲ್ಲೂ ಬಂದ್ವು. ಬರೋಕಾಗದವರಿಗೆ ಅಂಚೆ ಮೂಲಕ ಪಾಠ ಕಳಿಸ್ತಿದ್ರು. ಕಾದಂಬರಿಕಾರ, ಜಿಮ್ ಓನರ್, ಆನ್‌ಲೈನ್ ಕೋಚ್, ಎಲ್ಲಾ ಒಬ್ಬರೇ!

ಫೋಟೋ ನೋಡಿದ್ರೆ ಹೊಸಬನಿಗೆ ಭಯ ಆಗುತ್ತೆ. ಆದ್ರೆ ಅವರು ಕಬ್ಬಿಣದ ಜೊತೆಗೆ ಸೂರ್ಯನಮಸ್ಕಾರವನ್ನೂ ಸೇರಿಸಿದ್ರು, 1937ರಲ್ಲಿ ಅದರ ಮೇಲೇ ಒಂದು ಪುಸ್ತಕ ಬರೆದ್ರು. ಅದಕ್ಕೆ ಮುಂಚೆ, 1920ರ ದಶಕದಲ್ಲಿ, ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಅದನ್ನ ವ್ಯಾಯಾಮವಾಗಿ ಊರೂರಿಗೆ ಹಬ್ಬಿಸಿದ್ರು.

ಸೂರ್ಯನಮಸ್ಕಾರದ ನಡುವೆ ಅಷ್ಟಾಂಗ ನಮಸ್ಕಾರ ಬರುತ್ತಲ್ಲ, ಅದನ್ನ ಒಮ್ಮೆ ಗಮನಿಸಿ ನೋಡಿ. ಮಂಡಿ ನೆಲಕ್ಕೆ, ಅಂಗೈ ಎದೆಯ ಪಕ್ಕ, ಎದೆ ಮೆಲ್ಲಗೆ ಕೆಳಗೆ. ಮಂಡಿಯೂರಿದ ಪುಷ್-ಅಪ್‌ನ ಅರ್ಧ ಭಾಗ ಅದೇ! ಹನ್ನೆರಡು ಸುತ್ತು ಮಾಡಿದ್ರೆ ನಿಮ್ಮ ಭಾರವನ್ನ ಹನ್ನೆರಡು ಸಲ ತೋಳಿನಲ್ಲಿ ಹಿಡಿದು ಇಳಿಸಿದ ಹಾಗೆ. ಹೊಸಬರ ಮೆಟ್ಟಿಲು ಅಲ್ಲೇ ಕೂತಿದೆ.

(5/6) ಆಸ್ಪತ್ರೆಯಲ್ಲಿ ಹುಟ್ಟಿದ ಲೆಕ್ಕ

"ಮೂರು ಸೆಟ್, ಹತ್ತು ರೆಪ್." ಜಿಮ್‌ಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಇದೇ ಮಂತ್ರ. ಇದರ ಬೇರು ಎಲ್ಲಿದೆ ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಹಾಸಿಗೆಗಳ ನಡುವೆ.

ಷಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ಯುವ ಡಾಕ್ಟರ್ ಇದ್ರು. ಹುಡುಗನಾಗಿದ್ದಾಗ ರುಮಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತಿ ಎತ್ತಿ ಚೇತರಿಸಿಕೊಂಡವರು. ಮಂಡಿ ಪೆಟ್ಟಾದ ಸೈನಿಕರಿಗೆ ಆಗೆಲ್ಲ ಹಗುರ ವ್ಯಾಯಾಮವನ್ನೇ ಹೇಳ್ತಿದ್ರು. ಡಿಲಾರ್ಮ್ ನಿಜವಾದ ಭಾರ ಕೊಟ್ಟು, ಬಲ ಬಂದ ಹಾಗೆಲ್ಲ ಭಾರ ಏರಿಸಿದ್ರು. 1945ರಲ್ಲಿ ಅದನ್ನ ಲೇಖನವಾಗಿ ಪ್ರಕಟಿಸಿದ್ರು. 1948ರ ಹೊತ್ತಿಗೆ ಲೆಕ್ಕ ಹೀಗಾಯ್ತು: ಹತ್ತು ಸಲ ಮಾತ್ರ ಎತ್ತೋಕಾಗೋ ಭಾರ ಯಾವುದು ಅಂತ ನೋಡಿ. ಮೊದಲ ಸೆಟ್ ಅದರ ಅರ್ಧ, ಎರಡನೇದು ಮುಕ್ಕಾಲು, ಮೂರನೇದು ಪೂರ್ತಿ.

ಇಲ್ಲಿ ಅಳತೆಗೋಲು ಯಾರು? ಆ ರೋಗಿಯೇ. ಪಕ್ಕದ ಹಾಸಿಗೆಯವನು ಎಷ್ಟು ಎತ್ತಿದ ಅನ್ನೋದು ಲೆಕ್ಕಕ್ಕೇ ಬರಲ್ಲ. ಸೋಮೇಶ್ವರನ ದರ್ಜೆಗಳ ಹಿಂದೆ ಇದ್ದದ್ದೂ ಇದೇ ತಿಳಿವಳಿಕೆ.

ಇನ್ನೊಂದು ಸಂಗತಿ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ತೋರಿಸಿದ ಹಾಗೆ, ಹೊಸಬರಿಗೆ ಮೊದಲ ಕೆಲವು ವಾರ ಬರೋ ಬಲದಲ್ಲಿ ಹೆಚ್ಚಿನ ಪಾಲು ನರಗಳದ್ದು. ಇರೋ ಸ್ನಾಯುವನ್ನೇ ಒಟ್ಟಿಗೆ ದುಡಿಸೋದನ್ನ ಮೈ ಕಲೀತಾ ಇರುತ್ತೆ. ಸ್ನಾಯು ದಪ್ಪ ಆಗೋದರ ಪಾಲು ಆಮೇಲೆ ಹೆಚ್ಚುತ್ತೆ. ಅಂದ್ರೆ ಮೊದಲ ತಿಂಗಳು ಕನ್ನಡಿ ನೋಡಿ "ಏನೂ ಆಗಿಲ್ಲ" ಅಂತ ಬಿಟ್ಟರೆ, ಬಡ್ಡಿ ಬರೋ ಮುಂಚೆಯೇ ಎಫ್‌ಡಿ ಮುರಿಸಿದ ಹಾಗೆ.

(6/6) ನಿಮ್ಮ ದಿನವಹಿ ಪುಸ್ತಕ

ಇಷ್ಟೂ ಚರಿತ್ರೆಯನ್ನ ನಿಮ್ಮ ರೂಮಿಗೆ ತಂದ್ರೆ ಹೀಗಿರುತ್ತೆ.

ತಳ್ಳೋದು: ಮೊದಲು ಗೋಡೆಗೆ ಕೈಯೂರಿ. ಮೂರು ಸೆಟ್‌ನಲ್ಲೂ 12 ಸಲೀಸಾಗಿ ಬಂದ ಮೇಲೆ ಜಗುಲಿ ಕಟ್ಟೆಯ ಎತ್ತರಕ್ಕೆ. ಆಮೇಲೆ ಕೆಳಗಿನ ಮೆಟ್ಟಿಲಿಗೆ. ಆಮೇಲೆ ನೆಲಕ್ಕೆ. ಕೈ ಎಷ್ಟು ಕೆಳಗೆ ಹೋಗುತ್ತೋ ತೋಳಿನ ಮೇಲೆ ಅಷ್ಟು ಭಾರ.

ಇಳಿಸೋದು: ನೆಲದಿಂದ ಮೇಲೇಳೋಕೆ ಆಗದಿದ್ರೂ ಐದು ಎಣಿಸುತ್ತಾ ಇಳಿಯಬಹುದು. ಕೆಳಗೆ ಹೋದ ಮೇಲೆ ಮಂಡಿಯೂರಿ ಎದ್ದು ಮತ್ತೆ ಇಳೀರಿ.

ಎಳೆಯೋದು: ಕಾಲೇಜ್ ಬ್ಯಾಗ್‌ಗೆ ಪುಸ್ತಕ ತುಂಬಿ, ಸೊಂಟ ಬಗ್ಗಿಸಿ, ಬೆನ್ನು ನೇರ ಇಟ್ಟು, ಬ್ಯಾಗನ್ನ ಹೊಟ್ಟೆ ಕಡೆಗೆ ಎಳೀರಿ. ಸುಲಭ ಆದ್ರೆ ಇನ್ನೊಂದು ಪುಸ್ತಕ ಹಾಕಿ. ಕಾಸ್ಟ್ ಅಕೌಂಟಿಂಗ್ ಟೆಕ್ಸ್ಟ್‌ಬುಕ್‌ಗೆ ಕೊನೆಗೂ ಒಂದು ಉಪಯೋಗ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನೋರಾದ್ರೆ ಮೊಟ್ಟೆ. ಹೆಗಲ ಕೀಲಲ್ಲಿ ಚುಚ್ಚೋ ನೋವು ಬಂದ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ. ಸ್ನಾಯು ಹಿಡ್ಕೊಂಡ ನೋವು ಬೇರೆ, ಕೀಲು ನೋವು ಬೇರೆ.

ಮುಖ್ಯವಾಗಿ ಒಂದು ಚಿಕ್ಕ ಪುಸ್ತಕ ಇಡಿ. ತಾರೀಖು, ಎಷ್ಟು ಎತ್ತರ, ಎಷ್ಟು ಸಲ. ಕನ್ನಡಿ ಹೇಳದೇ ಇರೋದನ್ನ ಆ ಪುಸ್ತಕ ಹೇಳುತ್ತೆ. ಗಾಮಾ ಮೊದಲ ವಾರ ಎಷ್ಟು ದಂಡ ಹೊಡೆದ ಅನ್ನೋ ಪುಟ ನಮಗೆ ಸಿಕ್ಕಿಲ್ಲ. ನಿಮ್ಮದನ್ನ ಕಳೀಬೇಡಿ.

ಇವತ್ತಿನ ನಿಮ್ಮ ಸಂಖ್ಯೆ ಎಷ್ಟು? ಕಾಮೆಂಟ್‌ನಲ್ಲಿ ಹಾಕಿ. ಸೊನ್ನೆ ಆದ್ರೂ ಹಾಕಿ, ಎಂಟು ವಾರ ಬಿಟ್ಟು ಅದರ ಕೆಳಗೇ ಹೊಸದನ್ನ ಬರೀರಿ.